ಭಾಗ ಒಂದು

ನಮ್ಮ ಬನಹಟ್ಟಿ ಗಪ್ ಆಗಬೇಕಂದ್ರ
ಕರೆಂಟ್ ಹೋಗಬೇಕು.
ಕರೆಂಟ್ ಹೋದರ ರೆಕಾರ್ಡ್ ಮಾಡೂ ಮಷಿನ್ನೂ ಬಂದ್.
ಅದಕ್ಕ ಕಾಡಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದ,
ಹೆಗಲ ಮ್ಯಾಲೆ, ಕೂಸಿನ ಹಂಗ.

ನೂಲಿನ ಗೋದಾಮು. ಬಾಗಿಲಿಗೆ ನಾಲ್ಕು ಕೌದಿ,
ಕಿಟಕಿಗೆ ಗೋಣಿತಟ್ಟು.
ಮೈಕು ಎರಡು: ಒಂದು ಜಮಖಂಡಿಯಿಂದ ಬಾಡಿಗಿ,
ಇನ್ನೊಂದು ಮಸೂತಿದು, ದಸ್ತಗೀರ ಕೇಳಿ ತಂದದ್ದು,
ನಸುಕಿನ ಬಾಂಗಿಗೆ ವಾಪಸ್ ಮುಟ್ಟಬೇಕು.

ಹನ್ನೆರಡು ಮಂದಿ. ಒಬ್ಬರಿಗೂ ಇದು ಹೊಟ್ಟಿಪಾಡಲ್ಲ.
ಕ್ಲಾರ್ನೆಟ್ಟಿನ ಪರಪ್ಪ ಮಾಸ್ತರು ಸಾಲ್ಯಾಗ ಗಣಿತ ಹೇಳ್ತಾರ.
ಟ್ರಂಪೆಟ್ಟಿನ ಚನಮಲ್ಲ ಬಣ್ಣದ ತೊಟ್ಟಿಯಾಗ ನೂಲು ಅದ್ದತಾನ,
ತುಟಿ ಒಂದು ಬಿಟ್ಟು ಮೈಯೆಲ್ಲಾ ನೀಲಿ.
ನಾನು ಯೂಫೋನಿಯಂ.
ಹೆಸರಿಗೆ ಯಾರ ನಾಲಿಗೀನೂ ಹೊಳ್ಳೂದಿಲ್ಲ,
ಆ ನಡುವಿನ ಕೊಳವಿ ಅಂತಾರ.

ರಾತ್ರಿ ಹನ್ನೊಂದಕ್ಕ ಕರೆಂಟ್ ಹೋತು.
ಸಾವಿರ ಲಾಳಿ ಎಲ್ಲಿದ್ವೋ ಅಲ್ಲೇ ನಿಂತವು.
ಎರಡು ಓಣಿ ಆಚೆ ಯಾರದೋ ಕೂಸು ಅಳೂದು
ಮೊದಲ ಸಲ ಕೇಳಿಸ್ತು.
"ಹೂಂ" ಅಂದರು ಮಾಸ್ತರು.

ನಡಿಗಿಯ ಗತ್ತು ಒಂದ ಏಟಿಗೆ ಬಂತು.
ಆರತಿ ಪದ ನಾಲ್ಕು ಸಲ:
ಒಮ್ಮೆ ಕೆಮ್ಮು, ಒಮ್ಮೆ ನಾಯಿ,
ಒಮ್ಮೆ ಏನೂ ಇಲ್ಲ, ಮಾಸ್ತರ ಮನಸಿಗೆ ಬರಲಿಲ್ಲ ಅಷ್ಟ.
ಕಡೀದು, ಮಗಳನ್ನ ಕಳಿಸಿಕೊಡೂ ಪದ.
ಅದರ ನಟ್ಟನಡುವ ಕರೆಂಟ್ ಬಂತು.
ಖಟಕ್ ಅಂತ ಒಂದು ಮಗ್ಗ, ಆಮ್ಯಾಲ ಓಣಿ, ಆಮ್ಯಾಲ ಊರು.
ಯಾರೂ ನಿಲ್ಲಿಸಲಿಲ್ಲ.
ಡ್ರಮ್ಮಿನ ಲಾಲಸಾಬ ಕಣ್ಣು ಮುಚ್ಚಿ
ಮಗ್ಗಕ್ಕ ಕೈ ಹೊಂದಿಸಿಬಿಟ್ಟ.
ಆ ಗದ್ದಲದಾಗ ನಾನು ಒಂದು ಸ್ವರ ಇಳಿಸಿ ಊದಿದೆ.
ತಪ್ಪು. ಮಾಸ್ತರು ನೋಡಿದರು.
ಹಂಗ ಉಳೀತು.

ಐನೂರು ಸಿಡಿ.
ಹೊದಿಕಿ ಮ್ಯಾಲೆ ಹನ್ನೆರಡು ಮಂದಿ, ಎರವಲು ಕೆಂಪು ಕೋಟು,
ಕೆಳಗ ದಪ್ಪ ಅಕ್ಷರದಾಗ: ಭಾಗ ಒಂದು.
ರಬಕವಿ ಬಸ್‌ಸ್ಟ್ಯಾಂಡಿನ ಅಂಗಡಿಯವ ತಿರುವಿ ನೋಡಿ
"ಹಾಡಿದವರು ಯಾರು?" ಅಂದ.
ಯಾರೂ ಹಾಡಿಲ್ಲ.
"ಹಂಗಾರ ಏನು ಕೇಳೂದು?"
ಐದು ಇಟ್ಟುಕೊಂಡ, ಉದ್ರಿ.
ಒಬ್ಬ ಡ್ರೈವರ ಎರಡು ಒಯ್ದ, ಕನ್ನಡಿಗೆ ಕಟ್ಟಾಕ, ಹೊಳೀತಾವಂತ.
ಹುಡುಗರು ಒಂದ ಕೊಂಡು ಓಣಿಗೆಲ್ಲಾ ಕಾರ್ಡಿಗೆ ಹಾಕಿಕೊಟ್ಟರು.
ಮುಧೋಳದ ಮದುವಿ ಒಂದರಾಗ ನಮ್ಮದ ಸಿಡಿ ಹಚ್ಚಿದ್ರು,
ನಮ್ಮನ್ನ ಊಟಕ್ಕ ಕರೆದಿದ್ರು.
ಮಾಸ್ತರು ಹೋಳಿಗಿ ಮುರಕೋತ
ತಮ್ಮ ಕ್ಲಾರ್ನೆಟ್ಟಿಗೆ ತಾವ ತಲಿ ಹಾಕಿದರು.

ಮನ್ಯಾಗ ಸಾವಕ್ಕ ಕಂಡಿಕಿ ಸುತ್ತಕೋತ ಕೇಳಿದಳು:
"ಇದರಾಗ ನೀವೆಲ್ಲಿ?"
ಬೆರಳು ಮಾಡಿ ತೋರಿಸಾಕ ಹೋದೆ,
ಟ್ರಂಪೆಟ್ಟಿನ ಕೆಳಗ, ಡ್ರಮ್ಮಿನ ಮ್ಯಾಲೆ, ಅಲ್ಲೇ, ಈಗ,
ಅಷ್ಟರಾಗ ದಾಟಿ ಹೋತು.
ನೇಯ್ದ ಸೀರ್ಯಾಗ ಹೊಕ್ಕಿನ ಎಳಿ ಒಂದ ಹಿಡಿದು ತೋರ್ಸು ಅಂದಂಗ.
ಕಡೀ ಪದ ಬಂತು. ಖಟಕ್.
ಆ ಇಳಿದ ಸ್ವರಕ್ಕ ಆಕಿ ಕೈ ನಿಂತವು.
"ಹಾಂ, ಇದು ನೀವ ನೋಡ್ರಿ" ಅಂದಳು,
ಮತ್ತ ಸುತ್ತಾಕ ಹತ್ತಿದಳು.

ಮಾರಿದ್ದು ಅರವತ್ಮೂರು.
ನಾನೂರಾ ಮೂವತ್ತೇಳು ಅಟ್ಟದ ಮ್ಯಾಲೆ ಅದಾವ,
ಇಲಿಗೂ ಬ್ಯಾಡಾಗ್ಯಾವ.
ಮೊನ್ನೆ ಬಸ್‌ಸ್ಟ್ಯಾಂಡಿನ ಅಂಗಡಿಯವ ಕೂಗಿ ಕೇಳಿದ,
"ಭಾಗ ಎರಡು ಯಾವಾಗ್ರಿ?"
ಐದರ ರೊಕ್ಕ ಇನ್ನೂ ಕೊಟ್ಟಿಲ್ಲ.