ಸೂಲಗಿತ್ತಿಯ ವರದಿ

ಲೀತ್ ಬಂದರಿನ ಉಣ್ಣೆ ವ್ಯಾಪಾರಿ ಲಡೊವಿಕ್ ಪ್ರಿಂಗಲ್ ಅವರಿಗೆ,
ಕಾರ್ಬಿ ಗುಡ್ಡದ ತಪ್ಪಲಿನಿಂದ ಯೂಫನ್ ರೆನ್ವಿಕ್.
ಎಂದಿನಂತೆ ದೀಪದ ಮೇಲೆ ಹಿಡಿದು ಓದಿ,
ಎಂದಿನಂತೆ ಕೈಗವಸು ಕಳಚಿ.
ಹಾಳೆ ಎಷ್ಟು ಕಾದಿದೆಯೆಂದು ಬೆರಳಿಗೇ ಗೊತ್ತಾಗಬೇಕು.
ಅವಸರ ಬೇಡ. ಅಕ್ಷರ ನಿಧಾನಕ್ಕೆ ಕಂದು ತಿರುಗುತ್ತದೆ.

ಆ ರಾತ್ರಿ ಬಂದವನು ಬೂದು ಕುದುರೆಯ ಮೇಲೆ ಬಂದ.
ಕುದುರೆಗೆ ನೆರಳಿತ್ತು, ಅವನಿಗಿರಲಿಲ್ಲ.
'ಒಳ್ಳೆಯ ನೆರೆಯವರು ಕರೆದಿದ್ದಾರೆ' ಎಂದ.
ನಿಜ ಹೆಸರೆತ್ತಲು ಹೆದರಿ ನಾವಿಟ್ಟ ಹೆಸರನ್ನೇ
ನಗುತ್ತ ತಾನೂ ಹೇಳಿದ.
ಲಂಗದ ಅಂಚಿಗೆ ಸೂಜಿ ಸಿಕ್ಕಿಸಿಕೊಂಡಿದ್ದೆ,
ಬಾಯಲ್ಲಿ ಓಟ್ಸ್ ರೊಟ್ಟಿಯ ಚೂರು,
ಅಲ್ಲಿಯ ಊಟದ ಆಸೆ ಹುಟ್ಟದಿರಲೆಂದು.
ಗುಡ್ಡ ಬಾಗಿಲಿನಂತೆ ತೆರೆಯಲಿಲ್ಲ, ಸ್ವಾಮಿ.
ಹಸು ಆಕಳಿಸಿದಂತೆ ತೆರೆಯಿತು.
ಒಳಗೆ ಬೆಚ್ಚಗಿತ್ತು.

'ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು' ಎಂದಿದ್ದಿರಿ.
ಎಣ್ಣೆ ಅವರೇ ಕೊಟ್ಟರು,
ಮಗುವಿನ ರೆಪ್ಪೆಗೆ ಹಚ್ಚಲು.
ನನ್ನ ಎಡಗಣ್ಣಿಗೂ ತಾಗಿತು; ತಾಗಿಸಿಕೊಂಡೆ ಎನ್ನಿ.
ಬೆಳ್ಳಿಯ ಕಂಬಗಳು ಆಗ ಬೇರುಗಳಾದವು.
ತಂತಿ ಮೀಟುತ್ತಿದ್ದವನು
ಕೆಲ್ಸೋ ಸಂತೆಯಲ್ಲಿ ಕಳೆದುಹೋದ ಮಗ್ಗದ ಹುಡುಗ.
ಬಡಿಸುತ್ತಿದ್ದವಳು ಗಿರಣಿಯ ಮಾರಿಯನ್,
ನಾವೇ ಮಣ್ಣು ಮಾಡಿ ಒಂಬತ್ತು ವರ್ಷ.
ಗುರುತು ಹಿಡಿದಳು. ಬೇಡವೆಂಬಂತೆ ತಲೆಯಾಡಿಸಿದಳು.
ಏನು ಬೇಡ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ನೀವು ಕೇಳಿದ್ದು ಪಟ್ಟಿ:
ನಮ್ಮ ಪಟ್ಟಣಗಳಲ್ಲಿ ಮನುಷ್ಯರಂತೆ ಉಸಿರಾಡುವ
ಅವರ ಬೇಹಿನವರು ಯಾರು ಯಾರು.
ಕಾಗದ ಹುಡುಕಿದೆ. ಅವರಲ್ಲಿ ಕಾಗದವೇ ಇಲ್ಲ.
ಪಟ್ಟಿ ಇದ್ದದ್ದು ಕೂಸನ್ನು ಸುತ್ತುವ ಬಟ್ಟೆಯ ಅಂಚಿನಲ್ಲಿ, ಗಂಟು ಗಂಟಾಗಿ;
ದೂರ ಹೋದವರೆಲ್ಲ ಮಗುವಿನ ಮೈಗೆ ತಾಗಬೇಕಂತೆ.
ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.
ಹೊಕ್ಕುಳಬಳ್ಳಿ ಕಟ್ಟಿದ ಬೆರಳು ಗಂಟನ್ನು ಮರೆಯುವುದಿಲ್ಲ.
ಬರ್ವಿಕ್‌ನ ಸುಂಕದವನು ಚೀಲದ ಬಾಯಿಗೆ ಹಾಕುವ ಗಂಟು.
ಕೆಲ್ಸೋದ ಗಂಟೆಯಾಳು ಹಗ್ಗಕ್ಕೆ ಹಾಕುವುದು.
ತಂದೆಯದು ಕೊನೆಗೆ, ಎದೆಯ ಮೇಲೆ:
ಎಡಕ್ಕೆ ಎರಡು ಸುತ್ತು, ಬಲಕ್ಕೊಂದು, ತುದಿ ಒಳಗೆ.

ಹನ್ನೊಂದು ವರ್ಷ ನಿಮ್ಮ ಪತ್ರದ ಕಟ್ಟು ಬಿಚ್ಚಿದವಳು ನಾನು.

ಆಮೇಲೆ ಒಂದೊಂದೇ ನೆನಪಾಯಿತು.
ನನ್ನ ಮನೆಯ ಚಿಲಕವನ್ನು ನೀವು ತೋಳಿನಿಂದಲೇ ಸರಿಸುತ್ತಿದ್ದದ್ದು.
ಹೊಟ್ಟೆನೋವು, ಸಾರಿಗೆ ಉಪ್ಪು ಬೇಡ ಎಂದದ್ದು
(ಉಪ್ಪಿನ ಋಣ ನಮ್ಮ ನಡುವೆ ಇಲ್ಲ, ಅಷ್ಟು ಒಳ್ಳೆಯದಾಯಿತು).
ಶಾಯಿ ಬೇಡ, ಈರುಳ್ಳಿ ರಸದಲ್ಲೇ ಬರೆ ಎಂದದ್ದು.
ಗುಟ್ಟಿಗಾಗಿ ಎಂದುಕೊಂಡಿದ್ದೆ.
ಶಾಯಿಯೊಳಗೆ ಕಬ್ಬಿಣವಿರುತ್ತದೆಂದು ಹೇಳಿದವಳು
ಚರ್ಮಕ್ಕೆ ಕಪ್ಪು ಕಟ್ಟುವ ನನ್ನ ತಂಗಿ ಗ್ರಿಜೆಲ್.

ಬೇಹುಗಾರ್ತಿ ಬೇಕಿರಲಿಲ್ಲ ನಿಮಗೆ. ಸೂಲಗಿತ್ತಿ ಬೇಕಿತ್ತು.
ಬಾಯಿಬಿಟ್ಟು ಕೇಳಿದ್ದರೆ ಬರುತ್ತಿದ್ದೆ.

ಈ ಹಾಳೆಗೆ ಈರುಳ್ಳಿ ಉಜ್ಜಿದ್ದು ಬರೀ ವಾಸನೆಗೆ.
ಬರೆದದ್ದು ಅನ್ನಭೇದಿಯ ನೀರಿನಲ್ಲಿ.
ಬಿಸಿಗೆ ಎದ್ದು ಈಗಾಗಲೇ ನಿಮ್ಮ ಕೈಗೆ ಹತ್ತಿರಬೇಕು.
ಹೆಬ್ಬೆರಳು ಮೊದಲು ಮರಗಟ್ಟುತ್ತದಂತೆ.
ಗಂಟುಗಳ ಪ್ರತಿಗಳು ಆರು ಸೂಲಗಿತ್ತಿಯರ ಸೊಂಟದ ದಾರದಲ್ಲಿ
ಮೊನ್ನೆಯೇ ಹೊರಟುಹೋದವು.
ನೀವು ಕೊಡಿಸಿದ ಚಿನ್ನ ಬೆಳಗಾಗುವಷ್ಟರಲ್ಲಿ ಒಣ ಎಲೆ;
ಒಲೆಗೆ ಹಾಕಿದೆ, ಚೆನ್ನಾಗಿ ಉರಿಯಿತು.

ಸೂಜಿ ಇನ್ನೂ ಲಂಗದ ಅಂಚಿನಲ್ಲೇ ಇದೆ.
ತೊಟ್ಟಿಲ ಬಳಿ ನಾನೊಬ್ಬಳೇ ಇದ್ದ ಗಳಿಗೆಯೊಂದಿತ್ತು,
ಕೂಸಿನ ನೆತ್ತಿ ಮಿಡಿಯುತ್ತಿತ್ತು.
ಇದು ವರದಿಗೆ ಸೇರಬೇಕಿಲ್ಲ.

ಕೊನೆಯದಾಗಿ, ತಂದೆಗೆ ತಿಳಿಸುವುದು ನಮ್ಮ ಕಸುಬಿನ ಪದ್ಧತಿ:
ಗಂಡು. ಕಾಲು ಮೊದಲು ಬಂತು, ತಿರುಗಿಸಬೇಕಾಯಿತು.
ತಡವಾಗಿ ಅತ್ತಿತು, ಆದರೆ ಅತ್ತಿತು.
ನೋವಿನಲ್ಲಿ ತಾಯಿ ಎರಡು ಸಲ ನಿಮ್ಮ ಹೆಸರು ಹಿಡಿದು ಕೂಗಿದಳು.
ಪ್ರಿಂಗಲ್ ಎಂದಲ್ಲ, ಇನ್ನೊಂದು ಹೆಸರು.
ಅದನ್ನೂ ಕೇಳಿಸಿಕೊಂಡಿದ್ದೇನೆ.