ತಿಂಗಳು ಮೊದಲು

ಗದಗ ಕೋರ್ಟಿನ ಎದುರಿಗೆ ನನ್ನ ಅಂಗಡಿ.
ಒಂದು ಕಂಪ್ಯೂಟರು, ಒಂದು ಝೆರಾಕ್ಸು,
ಮಗ್ಗಲಿಗೆ ಗಿರಮಿಟ್ಟಿನ ಗಾಡಿ.
ಇಪ್ಪತ್ತಾರು ವರ್ಷದಿಂದ
ತಡವಾದವರ ಪರವಾಗಿ ಬೆರಳು ಸವೆಸಿದ್ದೇನೆ:
ವಿಳಂಬ ಮನ್ನಾ ಅರ್ಜಿ,
ವಾಟ್ನಿ ದಾವೆಗೆ, ಬಾಡಿಗೆ ತಕರಾರಿಗೆ,
‘ಅರ್ಜಿದಾರರಿಗೆ ಕಾಮಾಲೆ ಆಗಿದ್ದರಿಂದ...’
ಕಾಮಾಲೆ ಅಂದರೆ ಸಾಹೇಬರು ಹೆಚ್ಚು ಕೆದಕುವುದಿಲ್ಲ,
ನಲವತ್ತು ದಿನದ ಮಟ ನಡೆಯುತ್ತದೆ.

ಬೆಟಗೇರಿಯ ವೈಜಯಂತಿ ಮೇಹರವಾಡೆ ಬಂದಾಗ
ಕರೆಂಟ್ ಇರಲಿಲ್ಲ.
ಕೂತಳು. ಸೀರೆ ಅಂಗಡಿಯ ಚೀಲದಿಂದ
ಒಂದು ಕಾರ್ಡು ತೆಗೆದು ಟೇಬಲ್ಲಿನ ಮೇಲಿಟ್ಟಳು.

ಗಂಡ ಓಹಾಯೋದಲ್ಲಿ ಲಾರಿ ಹೊಡೆಯುತ್ತಾನೆ.
ಮದುವೆಯ ಮೇಲೆ ಕೊಟ್ಟ ಕಾರ್ಡಿಗೆ ಎರಡೇ ವರ್ಷ ಆಯುಷ್ಯ;
ಮುಗಿಯುವ ಮೊದಲಿನ ತೊಂಬತ್ತು ದಿನದಾಗ
ಇಬ್ಬರೂ ಸಹಿ ಮಾಡಿ ಕೇಳಿಕೊಳ್ಳಬೇಕಂತೆ,
ನಾವಿನ್ನೂ ಗಂಡ ಹೆಂಡತಿ, ನಂಬ್ರಿ ಅಂತ.

ಕಾರ್ಡಿನ ಮೇಲೆ ಸೊನ್ನೆ ನಾಲ್ಕು, ಸೊನ್ನೆ ಏಳು.

“ಜುಲೈ ನಾಲ್ಕು ಅಂತ ಓದಿದ್ನಿರಿ.
ತಂಗಿ ಬಾಣಂತನಕ್ಕ ಸಂಕ್ರಾಂತಿಗೆ ಬಂದೆ,
ಮೂರ್ ತಿಂಗಳು ಕೂಸಿನ ನೆತ್ತಿಗೆ ಎಣ್ಣಿ ಒತ್ತಿದೆ.
ಮೊನ್ನೆ ಹುಬ್ಬಳ್ಳ್ಯಾಗ ಟಿಕೆಟ್ ಮಾಡೋ ಹುಡುಗ
ಕಾರ್ಡು ಹೊಳ್ಳಿಸಿ ಮಳ್ಳಿಸಿ ನೋಡಿ,
ಅಲ್ಲಿ ತಿಂಗಳು ಮೊದಲು ಬರ್ತೈತ್ರಿ ಅಕ್ಕಾರ,
ಇದು ಏಪ್ರಿಲ್ ಏಳಕ್ಕ ಮುಗದೈತಿ, ಅಂದ.”

ನಾನು ಸುಮ್ಮನಿರಬಹುದಿತ್ತು.
ಟೈಪ್ ಮಾಡುವವನಿಗೆ ಪ್ರಶ್ನೆ ಯಾಕೆ?
ಆದರೂ ಕೇಳಿದೆ: ಎರಡು ವರ್ಷ ಅಲ್ಲಿದ್ದಾಕಿ,
ಅಲ್ಲಿನ ಲೆಕ್ಕ ಗೊತ್ತಿರಲಿಲ್ಲೇನವಾ?

ಗಿರಮಿಟ್ಟಿನ ಗಾಡಿಯವ ಉಳ್ಳಾಗಡ್ಡಿ ಹೆಚ್ಚುತ್ತಿದ್ದ,
ಅಷ್ಟೂ ಹೊತ್ತು ಅದೇ ಸಪ್ಪಳ.
“ಗೊತ್ತಿತ್ರಿ,” ಅಂದಳು.
“ಇಲ್ಲಿ ಬಂದ ಮ್ಯಾಲೆ ಇಲ್ಲಿಯವರಂಗ ಓದಿದೆ.”

ಕರೆಂಟ್ ಬಂತು.

ಪುರಾವೆಗಳ ನಕಲು ಬೇಕಿತ್ತು, ಎರಡೆರಡು ಪ್ರತಿ.
ಇಬ್ಬರ ಹೆಸರಿನ ಲೈಟ್ ಬಿಲ್ಲು,
ಇಬ್ಬರ ಹೆಸರಿನ ಬ್ಯಾಂಕು, ಮನೆ ಬಾಡಿಗೆ ಕರಾರು,
ಹಿಮದಾಗ ಲಾರಿಯ ಮುಂದೆ ನಿಂತ ಫೋಟೋ,
ಅವನ ಟೊಪ್ಪಿಗೆ ಇವಳ ತಲೆ ಮೇಲೆ.
ಮುಚ್ಚಳದ ಕೆಳಗೆ ಬೆಳಕು ಹೋಗಿ ಬರುವಾಗ
ನನ್ನ ಮದುವೆಗೆ ಯಾರಾದರೂ ಸಾಕ್ಷಿ ಕೇಳಿದರೆ
ಏನು ತೋರಿಸಲಿ ಅಂತ ಯೋಚಿಸಿದೆ.
ರೇಷನ್ ಕಾರ್ಡಿನಲ್ಲಿ ಗೌರವ್ವ ಗಿರಿಜವ್ವ ಆಗಿದ್ದಾಳೆ.
ಇನ್ನು ಉಳಿದದ್ದು, ಸಿಟ್ಟು ಬಂದ ದಿನ
ಝುಣಕಕ್ಕೆ ಬೇಕಂತಲೇ ಬೀಳುವ ಹೆಚ್ಚಿನ ಉಪ್ಪು.
ಅದರ ಝೆರಾಕ್ಸ್ ಬರುವುದಿಲ್ಲ.

“ಕಾಮಾಲೆ ಅಂತ ಬರೀಲೇನು?”
“ಬ್ಯಾಡ್ರಿ. ಆದದ್ದು ಬರೀರಿ.”

ಆದದ್ದು! ನನಗೆ ಬರುವ ಇಂಗ್ಲಿಷು ಕೋರ್ಟಿನದು,
ಅದರಲ್ಲಿ ಆದದ್ದಕ್ಕೆ ಮಾತು ಕಡಿಮೆ.
ಬಾಣಂತನ ಬರೆದೆ. ತಾರೀಖು ತಪ್ಪಿದ್ದು ಬರೆದೆ.
ಗಂಡ ಯಾಕೆ ನೆನಪು ಮಾಡಲಿಲ್ಲ ಅನ್ನುವಲ್ಲಿ
ಬೆರಳು ನಿಂತಿತು.
“ಅಂವಗ ರಾತ್ರಿ ಆದ್ರ ನನಗ ಹಗಲ್ರಿ.
ಊಟ ಆತೇನು, ಮಲಗಿದೇನು,
ಅಷ್ಟರಾಗ ಹೊತ್ತು ಹೋಗ್ತಿತ್ತು.”
ಅದನ್ನೂ ಬರೆದೆ, ಅಳಿಸಿದೆ, ಮತ್ತೆ ಬರೆದೆ.
‘ಅವಸರ ಅನ್ನಿಸಲಿಲ್ಲ’ ಅಂತ ಅವಳೇ ಮೆಲ್ಲಗೆ ಅಂದ ಮಾತು
ನನಗಲ್ಲ ಹೇಳಿದ್ದು ಅಂದುಕೊಂಡು
ಬಿಟ್ಟುಬಿಟ್ಟೆ.

ಕೆಳಗೆ ತಾರೀಖು ಹಾಕಬೇಕು.
ಅವತ್ತು ಐದನೇ ತಿಂಗಳ ಐದು.
ಹೆಂಗ ಓದಿದರೂ ಅದೇ, ಅಂದೆ.
ಮೊದಲ ಸಲ ನಕ್ಕಳು,
ಹಲ್ಲಿನ ಮೇಲೆ ಹಲ್ಲು ಕಂಡಿತು.
ಮಾಫಿ ಸಿಗಬಹುದೇನ್ರಿ ಅಂತ ಕೇಳಲಿಲ್ಲ.
ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ,
ನಾನು ಟೈಪ್ ಮಾಡಿದ ಅರ್ಜಿಗಳ ತೀರ್ಪು
ನನ್ನ ಅಂಗಡಿಗೆ ಬರುವುದಿಲ್ಲ.

ನೂರಾ ಎಂಬತ್ತು ಆಯಿತು. ಚಿಲ್ಲರೆ ಎಣಿಸಿ ಕೊಟ್ಟಳು.

ಸಂಜೆ ಹುಲಕೋಟಿಯ ಮುದುಕನೊಬ್ಬ
ಉತಾರದ ನಕಲಿಗೆ ಬಂದ.
ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಬೋರಲು ಬಿದ್ದ ಫೋಟೋ.
“ಯಾರಿವರು?” ಅಂದ.
ಗಂಡ ಹೆಂಡತಿ, ಅಂದೆ.
“ಹೌದಲ್ಲ, ಕಾಣತೈತಿ,” ಅಂದ ಮುದುಕ,
ತನ್ನ ಹೊಲದ ಕಾಗದ ನೆಟ್ಟಗೆ ಮಾಡುತ್ತ.