ಭಟ್ಟಿ ಬಡಾವಣೆಯ ಬಣ್ಣ

ಊರಿಗೆ ಹನ್ನೊಂದು ಬಣ್ಣ ಹಚ್ಚಿದ್ದಾರೆ ಆಫೀಸಿನಲ್ಲಿ.
ಎಂ.ಸಿ.ಸಿ. ಬಿ ಬ್ಲಾಕು ಕಡುನೀಲಿ, ‘ನೆಲೆ ನಿಂತವರು’.
ವಿದ್ಯಾನಗರ ತಿಳಿನೀಲಿ, ‘ಏರುತ್ತಿರುವವರು’.
ನಿಟುವಳ್ಳಿಯ ಅರ್ಧ ಹಸಿರು, ಇನ್ನರ್ಧ
ಯಾವುದೆಂದು ಪುಣೆಯವರು ಇನ್ನೂ ಹೇಳಿಲ್ಲ.
ನಮ್ಮ ಬೀದಿ ಕಿತ್ತಳೆ, ‘ರಿಯಾಯಿತಿಗೆ ಒಲಿಯುವವರು’.
ಅಕ್ಕಿ ಡಬ್ಬಿಯಲ್ಲಿ ಅವ್ವ ಕೂಡಿಟ್ಟ ಕೂಪನ್ನು
ಮೇಲಿನಿಂದ ಹೇಗೆ ಕಂಡಿತೋ.

ನನ್ನ ಕೆಲಸ ಸಣ್ಣದು:
ಮೇಲೆ ಕಂಡದ್ದು ಕೆಳಗೂ ಉಂಟೋ ನೋಡಿ
ಟ್ಯಾಬಿನಲ್ಲಿ ಹೌದು, ಅಲ್ಲ ಒತ್ತುವುದು.
ಮನೆಗೆ ನಾಲ್ಕು ರೂಪಾಯಿ. ಚಹಾ ನಮ್ಮದೇ.

ಮಂಡಕ್ಕಿ ಭಟ್ಟಿಗಳ ಸಾಲು ಕಡುನೀಲಿ ಬಂದಿತ್ತು.

ಹೋದೆ. ಹೊಟ್ಟಿನ ಹೊಗೆಗೆ ಕಣ್ಣು ಬಿಡಲಾಗದು,
ಕಾದ ಮರಳಲ್ಲಿ ಅಕ್ಕಿ ಚಟಪಟ,
ಗೋಡೆ ಕಪ್ಪು, ಗುಬ್ಬಿ ಕಪ್ಪು,
ಒಣಗಿಸಿದ ಲಂಗವೂ ಕಪ್ಪು.
ಮೇಲೆ ಹತ್ತಿದರೆ ಮಾತ್ರ
ತಾರಸಿಯಿಂದ ತಾರಸಿಗೆ ಹಬ್ಬಿದ ಬಿಳುಪು:
ಉಪ್ಪುನೀರು ಕುಡಿದು ಬಿಸಿಲಿಗೆ ಮಲಗಿದ ಅಕ್ಕಿ.
ಅದನ್ನು ಉಪಗ್ರಹ ಓದಿಕೊಂಡಿದೆ ಹೀಗೆ:
‘ಶಾಖ ತಡೆವ ಬಿಳಿ ಲೇಪನ. ಉನ್ನತ ವರ್ಗ.’

ಖೈರುನ್ನೀಸಾ ನಕ್ಕು ನಕ್ಕು ಕೆಮ್ಮಿದಳು.
‘ಅದಕ್ಕೇನು ಏಸಿ ಮಾರೋ ಹುಡುಗ ಮೂರು ಸಲ ಬಂದಿದ್ದು!
ಟ್ಯಾಂಕರ್ ಬಂದು ಮೂರು ತಿಂಗಳಾತು ನೋಡವ್ವಾ.’
ಹೌದು, ಇದೇ ನಕ್ಷೆ ಪಾಲಿಕೆಗೂ ಮಾರಾಟವಾಗಿದೆ.
ನೀಲಿ ಓಣಿಗಳಲ್ಲಿ ಬೋರ್‌ವೆಲ್ ಇರುತ್ತದೆಂದು
ನೀರಿನ ದಾರಿಯನ್ನು ತಿರುಗಿಸಿದ್ದಾರೆ,
ಬಾಣಂತಿಯರನ್ನು ನೋಡುವ ವ್ಯಾನನ್ನೂ.

‘ಅಲ್ಲ’ ಒತ್ತಿದೆ.
ಹಾಗಾದರೆ ಯಾವುದು, ಕೇಳಿತು ಟ್ಯಾಬು.
ಉಳಿದದ್ದು ಬೂದಿ: ‘ಅಂಚಿನವರು’.
ಬೆರಳು ಇನ್ನೇನು ತಾಕಬೇಕು,
ಮೂಟೆ ಹೊಲಿಯುತ್ತಿದ್ದ ದಾದಾಪೀರ್ ತಲೆಯೆತ್ತಿದ.
‘ಸ್ವಲ್ಪ ತಡೀರಿ.
ಹೊಗೆ ಇಲ್ಲದ ಒಲಿಗೆ ಸಾಲ ಕೇಳಿ ಕೇಳಿ
ಆರು ವರ್ಷ ಚಪ್ಪಲಿ ಸವೆಸೀನಿ.
ಮೊನ್ನೆ ಬ್ಯಾಂಕಿನವರೇ ಫೋನು ಮಾಡಿದ್ರು,
ನಿಮ್ಮ ಏರಿಯಾ ಚಲೋ ಐತೆ, ಬರ್ರಿ ಅಂತ.
ಬೂದಿ ಮಾಡಿದ್ರೆ ಅದೂ ಹೋಗ್ತತೇನು?’

ಹೋಗುತ್ತದೆ.
ಹೇಳಲಿಲ್ಲ ನಾನು. ಅವನಿಗೆ ತಿಳಿಯಿತು.

ಖೈರುನ್ನೀಸಾ ಜರಡಿ ಕೆಳಗಿಟ್ಟು ಹತ್ತಿರ ಬಂದಳು,
‘ನಸುಕಿಗೆ ನೀರು ಬಿಡೋ ಹೊತ್ತಿಗೆ ಬೂದಿ,
ಬ್ಯಾಂಕು ಬಾಗಿಲು ತೆಗಿಯೋ ಹೊತ್ತಿಗೆ ನೀಲಿ,
ಹಂಗೊಂದು ಬಟನ್ ಇಲ್ಲೇನವ್ವಾ ಇದ್ರಾಗೆ?’
ಹುಡುಕಿದೆ, ಸುಳ್ಳಲ್ಲ,
ಕೆಳಗಿನ ತನಕ ಉಜ್ಜಿ ಉಜ್ಜಿ.
ಇದ್ದದ್ದು ಒಂದೇ: ‘ಮತ್ತೊಮ್ಮೆ ಭೇಟಿ’.
ಅದನ್ನೊತ್ತಿದರೆ ನಾಲ್ಕು ರೂಪಾಯಿ ಬರುವುದಿಲ್ಲ.
ನೂರಾ ಹನ್ನೆರಡು ಮನೆಗೂ ಅದನ್ನೇ ಒತ್ತಿ ಇಳಿದೆ.

ಹೊರಡುವಾಗ ಬಿಸಿ ಮಂಡಕ್ಕಿ, ಒಂದು ಮೆಣಸಿನಕಾಯಿ,
ನುಣುಪು ಕಾಗದದ ಪೊಟ್ಟಣದಲ್ಲಿ.
‘ಈ ಏಸಿ ಹಾಳಿ ಭಾಳ ಚಲೋ,
ಎಣ್ಣಿ ಇಳಿಯಲ್ಲ.’
ರೈಲ್ವೆ ಗೇಟು ಹಾಕಿತ್ತು. ನಿಂತು ತಿಂದು ಮುಗಿಸಿದೆ.
ತಳದಲ್ಲಿ, ಉಪ್ಪು ಮೆತ್ತಿದ ಅಕ್ಷರ:
ನಿಮ್ಮಂಥವರ ಬಡಾವಣೆಗೆ ಮಾತ್ರ.